ಲೀಸ್ ಮುಗಿದ ಕಾರಿಗೆ ಎಷ್ಟು ಬೆಲೆ? ಅಮೆರಿಕದಲ್ಲಿ ಐಷಾರಾಮಿ ಕಾರು ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಒಂದೇ ಬೆಲೆಗೆ, ಒಂದೇ ತಿಂಗಳು ಕೊಂಡ ಎರಡು ಐಷಾರಾಮಿ ಕಾರುಗಳಲ್ಲಿ ಒಂದು ಮೂರು ವರ್ಷಕ್ಕೆ ಅರ್ಧ ಬೆಲೆಗೆ ಇಳಿದಿರುತ್ತದೆ, ಇನ್ನೊಂದು ಮುಕ್ಕಾಲು ಪಾಲು ಉಳಿಸಿಕೊಂಡಿರುತ್ತದೆ. ಇಳಿದದ್ದು ಕೆಟ್ಟ ಕಾರೇ ಆಗಿರಬೇಕಿಲ್ಲ. ಓಡಿಸಲು ಅದೇ ಚೆನ್ನಾಗಿರುವುದೂ ಉಂಟು. ಅಂಥದೇ ಕಾರು, ಹೆಚ್ಚುಕಮ್ಮಿ ಅಷ್ಟೇ ಮೈಲಿ ಓಡಿದ್ದು, ಅದೇ ತಿಂಗಳು ಎಷ್ಟು ಮಾರುಕಟ್ಟೆಗೆ ಬಂದು ಬೀಳುತ್ತವೆ ಎನ್ನುವುದರ ಮೇಲೆ ಬೆಲೆ ನಿಂತಿದೆ. ಎಷ್ಟು ಬರುತ್ತವೆ ಎಂಬುದನ್ನು ಕಾರ್ಖಾನೆ ತೀರ್ಮಾನಿಸುತ್ತದೆ, ಯಾವಾಗ ಬರುತ್ತವೆ ಎಂಬುದನ್ನು ಲೀಸ್, ಅಂದರೆ ಗೊತ್ತಾದ ಅವಧಿಗೆ ತಿಂಗಳ ಕಂತು ಕಟ್ಟಿ ಕಾರು ಓಡಿಸಿ, ಕೊನೆಗೆ ಅದನ್ನು ಮರಳಿಸುವ ಇಲ್ಲವೇ ಮೊದಲೇ ಬರೆದ ಬೆಲೆಗೆ ಕೊಳ್ಳುವ ಕರಾರು. ಕೋಲಾರದ ಮಂಡಿಗೆ ಟೊಮೆಟೊ ಒಟ್ಟಿಗೇ ಬಂದ ದಿನ ದರ ಏನಾಗುತ್ತದೆಂದು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ವ್ಯತ್ಯಾಸ ಇಷ್ಟೇ: ಇಲ್ಲಿ ಮಾಲು ಬರುವ ದಿನ ಮೂರು ವರ್ಷ ಮೊದಲೇ ಕರಾರಿನಲ್ಲಿ ಬರೆದಿರುತ್ತದೆ.

ಇದು ಅಮೆರಿಕದ ಲೆಕ್ಕ. ಅಲ್ಲಿ ಐಷಾರಾಮಿ ಕಾರುಗಳಲ್ಲಿ ಬಹು ದೊಡ್ಡ ಪಾಲು ಲೀಸ್ ಮೇಲೆಯೇ ಹೋಗುತ್ತದೆ. ಭಾರತದಲ್ಲಿ ಲೀಸ್ ಎಂದರೆ ಹೆಚ್ಚಾಗಿ ಕಂಪನಿ ತನ್ನ ನೌಕರರಿಗೆ ಕೊಡುವ ಸೌಲಭ್ಯ. ಹಾಗಾಗಿ ಈ ಅಂಕಿಗಳನ್ನು ಬೆಂಗಳೂರಿನ ಮಾರುಕಟ್ಟೆಗೆ ಹಚ್ಚಲು ಬರುವುದಿಲ್ಲ. ಎರಡು-ಮೂರು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇರುವವರು ಮಾತ್ರ ಇದನ್ನು ಇನ್ನೊಂದಿಷ್ಟು ಗಮನವಿಟ್ಟು ಓದಬೇಕು. ಎಡಗಡೆ ಸ್ಟೀರಿಂಗ್ ಇರುವ ಕಾರನ್ನು ಭಾರತಕ್ಕೆ ತಂದು ನೋಂದಾಯಿಸಲು ಸಾಮಾನ್ಯವಾಗಿ ಅವಕಾಶವಿಲ್ಲ, ಮಾರಿಯೇ ಬರಬೇಕು. ಹೊರಡುವ ಗಡಿಬಿಡಿಯಲ್ಲಿ ಮಾರುವವರಿಗೆ ಸಿಗುವ ಬೆಲೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಲೀಸ್ ಕಾಗದದಲ್ಲಿ ನೋಡಬೇಕಾದ ಅಂಕಿಗಳು

ಡೀಲರ್ ತೋರಿಸುವುದು ತಿಂಗಳ ಕಂತು. ನೀವು ಕೇಳಬೇಕಾದ್ದು ನಾಲ್ಕು ಅಂಕಿ: ಸ್ಟಿಕ್ಕರ್ ಬೆಲೆ ಅಂದರೆ ಎಂ.ಎಸ್.ಆರ್.ಪಿ., ಚೌಕಾಸಿ ಮಾಡಿ ಇಳಿಸಿದ ಬೆಲೆ (ಕ್ಯಾಪ್ ಕಾಸ್ಟ್), ಅವಧಿ ಮುಗಿದಾಗ ಕಾರಿಗೆ ಉಳಿಯುವ ಬೆಲೆಯೆಂದು ಕರಾರಿನಲ್ಲಿ ಬರೆದದ್ದು (ರೆಸಿಡ್ಯುಯಲ್), ಬಡ್ಡಿಗೆ ಬದಲಾಗಿ ಬಳಸುವ ಮನಿ ಫ್ಯಾಕ್ಟರ್. ಮನಿ ಫ್ಯಾಕ್ಟರನ್ನು 2400ರಿಂದ ಗುಣಿಸಿದರೆ ವಾರ್ಷಿಕ ಬಡ್ಡಿ ದರ ಸಿಗುತ್ತದೆ, 0.0020 ಅಂದರೆ ಶೇ. 4.8. ರೆಸಿಡ್ಯುಯಲನ್ನು ಯಾವಾಗಲೂ ಸ್ಟಿಕ್ಕರ್ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ನೀವು ಚೌಕಾಸಿ ಮಾಡಿದ ಬೆಲೆಯ ಮೇಲಲ್ಲ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಒಂದು ಉದಾಹರಣೆ. ಸ್ಟಿಕ್ಕರ್ 70,000 ಡಾಲರ್, ಇಳಿಸಿದ ಬೆಲೆ 65,000, ಅವಧಿ 36 ತಿಂಗಳು, ರೆಸಿಡ್ಯುಯಲ್ ಶೇ. 60 ಅಂದರೆ 42,000, ಮನಿ ಫ್ಯಾಕ್ಟರ್ 0.0020. ಸವಕಳಿಯ ಭಾಗ: 65,000ರಿಂದ 42,000 ಕಳೆದು 36ರಿಂದ ಭಾಗಿಸಿದರೆ ಸುಮಾರು 639 ಡಾಲರ್. ಬಡ್ಡಿಯ ಭಾಗ: 65,000ಕ್ಕೆ 42,000 ಕೂಡಿಸಿ 0.0020ರಿಂದ ಗುಣಿಸಿದರೆ 214. ಒಟ್ಟು 853 ಡಾಲರ್, ತೆರಿಗೆ ಬೇರೆ. ಬಡ್ಡಿಗೆ ಎರಡನ್ನೂ ಕೂಡಿಸುವುದೇಕೆ ಎಂದು ಹಲವರಿಗೆ ಗೊಂದಲ. ಸಾಲ 65,000ದಿಂದ ಶುರುವಾಗಿ 42,000ಕ್ಕೆ ಇಳಿಯುತ್ತದೆ. ಸರಾಸರಿ ಬಾಕಿ ಎರಡರ ಮೊತ್ತದ ಅರ್ಧ. ಆ ಅರ್ಧವೂ ಹನ್ನೆರಡು ತಿಂಗಳೂ ನೂರೂ ಸೇರಿಯೇ 2400 ಆಗಿರುವುದು.

ಮುಂಗಡವಾಗಿ ದೊಡ್ಡ ಮೊತ್ತ ಕಟ್ಟಬೇಡಿ. ಕಂತು ಇಳಿಯುತ್ತದೆ ನಿಜ. ಆದರೆ ಎರಡನೇ ತಿಂಗಳಲ್ಲಿ ಕಾರು ಅಪಘಾತದಲ್ಲಿ ಪೂರ್ತಿ ಹೋದರೆ ವಿಮೆಯ ಹಣ ಲೀಸ್ ಕಂಪನಿಗೆ ಸಲ್ಲುತ್ತದೆ, ನಿಮ್ಮ ಮುಂಗಡ ಅಲ್ಲಿಗೆ ಮುಗಿಯಿತು.

ರೆಸಿಡ್ಯುಯಲ್ ಉಬ್ಬಿಸಿದಾಗ ಆಗುವುದೇನು

ಮೂರು ವರ್ಷದ ಕಾರಿನ ಬೆಲೆಯನ್ನು ಅಂದಾಜು ಮಾಡಲು ಎ.ಎಲ್.ಜಿ.ಯಂಥ ಸಂಸ್ಥೆಗಳಿವೆ. ಬ್ಯಾಂಕುಗಳು ಆ ಅಂದಾಜಿನ ಹತ್ತಿರ ನಿಲ್ಲುತ್ತವೆ. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿಯಂಥ ತಯಾರಕರಿಗೆ ತಮ್ಮದೇ ಫೈನಾನ್ಸ್ ಕಂಪನಿಗಳಿವೆ; ಕಾರ್ಖಾನೆಯಿಂದ ಬಂದ ಕಾರು ಅಂಗಳದಲ್ಲಿ ನಿಂತುಬಿಟ್ಟರೆ ಅವು ರೆಸಿಡ್ಯುಯಲನ್ನು ಅಂದಾಜಿಗಿಂತ ಮೇಲಕ್ಕೆ ಎತ್ತುತ್ತವೆ, ಇಲ್ಲವೇ ಮನಿ ಫ್ಯಾಕ್ಟರ್ ಇಳಿಸುತ್ತವೆ. ಬೆಲೆ ಇಳಿಸಿದ್ದೇವೆ ಎಂದು ಬಾಯಿಬಿಟ್ಟು ಹೇಳದೆ ಬೆಲೆ ಇಳಿಸುವ ದಾರಿ ಇದು.

ಮೇಲಿನ ಕಾರಿಗೇ ರೆಸಿಡ್ಯುಯಲನ್ನು ಶೇ. 64ಕ್ಕೆ ಏರಿಸಿ ನೋಡಿ. ಅದು 44,800 ಆಗುತ್ತದೆ, ಕಂತು 781ಕ್ಕೆ ಇಳಿಯುತ್ತದೆ. ಮೂರು ವರ್ಷದಲ್ಲಿ ಗ್ರಾಹಕನಿಗೆ ಸುಮಾರು 2,600 ಡಾಲರ್ ಉಳಿತಾಯ. ಅವಧಿ ಮುಗಿಯುವ ಹೊತ್ತಿಗೆ ಅದೇ ಕಾರು ಮಾರುಕಟ್ಟೆಯಲ್ಲಿ 36,000ಕ್ಕೆ ಸಿಗುತ್ತಿದೆ ಎಂದುಕೊಳ್ಳಿ. 44,800 ಕೊಟ್ಟು ಅದನ್ನು ಇಟ್ಟುಕೊಳ್ಳುವ ಜಾಣರು ಯಾರೂ ಇರುವುದಿಲ್ಲ. ಎಲ್ಲರೂ ಕೀಲಿ ಒಪ್ಪಿಸಿ ಹೋಗುತ್ತಾರೆ. ಕಾರುಗಳೆಲ್ಲ ಒಟ್ಟಿಗೆ ಮ್ಯಾನ್‌ಹೈಮ್‌ನಂಥ ಸಗಟು ಹರಾಜಿಗೆ ಹೋಗುತ್ತವೆ, ಬೆಲೆ ಮತ್ತೆ ಇಳಿಯುತ್ತದೆ. ಉಬ್ಬಿಸಿದ ಅಂಕಿಯೇ ವಾಪಸಾತಿಯನ್ನು ಹೆಚ್ಚಿಸಿ, ವಾಪಸಾತಿ ಬೆಲೆ ಕುಸಿಯುವಂತೆ ಮಾಡುತ್ತದೆ. ನಷ್ಟ ಫೈನಾನ್ಸ್ ಕಂಪನಿಯದು, ಜೊತೆಗೆ ಅದೇ ಕಾರನ್ನು ನಗದಿಗೋ ಸಾಲಕ್ಕೋ ಕೊಂಡಿದ್ದ ಪಾಪದವರದು.

ಇದರಿಂದ ಹೊರಡುವ ನಿಯಮ ಸರಳ. ಯಾವ ಕಾರಿಗೆ ಲೀಸ್ ಅತಿ ಅಗ್ಗವಾಗಿ ಸಿಗುತ್ತಿದೆಯೋ ಅದನ್ನು ಹೊಸದಾಗಿ ಕೊಳ್ಳಬೇಡಿ. ಒಂದೋ ಲೀಸ್ ಮಾಡಿ, ಇಲ್ಲ ಮೂರು ವರ್ಷ ಕಾದು ಹಳೆಯದನ್ನು ಕೊಳ್ಳಿ. ಲೀಸ್ ದುಬಾರಿ, ರಿಯಾಯಿತಿ ಇಲ್ಲ, ಕಾರಿಗಾಗಿ ಕಾಯುವವರಿದ್ದಾರೆ ಎಂದಾದರೆ ಅದನ್ನು ಕೊಂಡೇಬಿಡುವುದು ಮೇಲು. ಲೆಕ್ಸಸ್ ಜಿಎಕ್ಸ್ ಎರಡನೆಯದಕ್ಕೆ ಸೇರಿದ್ದು, ದೊಡ್ಡ ಜರ್ಮನ್ ಸೆಡಾನ್‌ಗಳು ಬಹುತೇಕ ಮೊದಲನೆಯದಕ್ಕೆ.

ಸ್ಟಿಕ್ಕರ್ ಮೇಲೆ ಕೂಡಿಸಿದ ಆಪ್ಷನ್‌ಗಳದ್ದು ಇನ್ನೊಂದು ಕತೆ. 12,000 ಡಾಲರಿನ ಆಡಿಯೊ, ವಿಶೇಷ ಬಣ್ಣ, ಮಸಾಜ್ ಸೀಟುಗಳಿಗೂ ಕಾಗದದ ಮೇಲೆ ಬಹುಪಾಲು ಶೇ. 60 ರೆಸಿಡ್ಯುಯಲ್ ಸಿಗುತ್ತದೆ. ಹರಾಜಿನಲ್ಲಿ ಅವುಗಳಿಗೆ ಸಿಗುವುದು ಅದರ ಒಂದು ಚೂರು. ಹಾಗಾಗಿ ಆಪ್ಷನ್ ತುಂಬಿದ ಕಾರನ್ನು ಲೀಸ್ ಮಾಡುವವರಿಗೆ ಲಾಭ, ಹಳೆಯದಾಗಿ ಕೊಳ್ಳುವವರಿಗೆ ಇನ್ನೂ ಲಾಭ, ಹೊಸದಾಗಿ ಕೊಳ್ಳುವವರಿಗೆ ಮಾತ್ರ ಕೈ ಸುಡುತ್ತದೆ.

ಯಾವ ತಿಂಗಳು ಎಷ್ಟು ಬರುತ್ತವೆ

ಬಹುಪಾಲು ಲೀಸ್ 36 ತಿಂಗಳದ್ದು, ಮೈಲಿ ಮಿತಿ ವರ್ಷಕ್ಕೆ 10,000, 12,000 ಇಲ್ಲವೇ 15,000. ಅದಕ್ಕೇ ಮೂರು ವರ್ಷದ, 25ರಿಂದ 36 ಸಾವಿರ ಮೈಲಿ ಓಡಿದ ಕಾರುಗಳು ಗುಂಪುಗುಂಪಾಗಿ ಸಿಗುತ್ತವೆ. ಐಷಾರಾಮಿ ಕಂಪನಿಗಳು ವರ್ಷಾಂತ್ಯದ ಗುರಿ ಮುಟ್ಟಲು ಡಿಸೆಂಬರ್‌ನಲ್ಲಿ ರಿಯಾಯಿತಿ ಸುರಿಯುತ್ತವೆ. ಆ ಕಾರುಗಳು ಮೂರು ವರ್ಷದ ನಂತರ ಅದೇ ಡಿಸೆಂಬರ್‌ನಲ್ಲಿ ವಾಪಸ್ ಬರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೆರಿಗೆ ಮರುಪಾವತಿ ಜನರ ಕೈಸೇರಿ ಹಳೆ ಕಾರಿನ ಬೆಲೆ ಏರುತ್ತದೆ. ಹೀಗಾಗಿ ಕೊಳ್ಳುವವರಿಗೆ ನವೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ, ಮಾರುವವರಿಗೆ ಮಾರ್ಚ್.

ನೀವು ನೋಡುತ್ತಿರುವ ಮಾದರಿಯ ವಾಪಸಾತಿಯನ್ನು ಅಂದಾಜು ಮಾಡಲು ಮೂರು ವರ್ಷ ಹಿಂದಿನ ಮಾರಾಟದ ಅಂಕಿ ತೆಗೆದು, ಆ ವರ್ಷ ಆ ಕಾರಿನ ಮೇಲೆ ಲೀಸ್ ಜಾಹೀರಾತು ಎಷ್ಟು ಜೋರಾಗಿತ್ತೆಂದು ನೋಡಿ. ಚಿಪ್ ಕೊರತೆಯ ಕಾಲ ಇದಕ್ಕೆ ಸಾಕ್ಷಿ. 2019ರಲ್ಲಿ ಅಮೆರಿಕದ ಹೊಸ ಕಾರುಗಳಲ್ಲಿ ಸುಮಾರು ಶೇ. 30 ಲೀಸ್ ಆಗುತ್ತಿದ್ದವು. 2022ರಲ್ಲಿ ಅದು ಶೇ. 20ಕ್ಕೂ ಕೆಳಗೆ ಇಳಿಯಿತು, ಕಾರೇ ಸಿಗದಿದ್ದಾಗ ರಿಯಾಯಿತಿ ಕೊಡುವವರು ಯಾರು? ಅದರ ಫಲವಾಗಿ 2025ರಲ್ಲಿ ಲೀಸ್ ವಾಪಸಾತಿ ತೆಳುವಾಯಿತು, ಮೂರು ವರ್ಷದ ಒಳ್ಳೆ ಕಾರುಗಳ ಬೆಲೆ ಬಿಗಿಯಾಗಿಯೇ ಉಳಿಯಿತು.

ಪೀಳಿಗೆ ಬದಲಾಗುವ ವರ್ಷವನ್ನೂ ನೋಡಿಕೊಳ್ಳಿ. ಹೊಸ ವಿನ್ಯಾಸ ಬರುವ ಮುನ್ನ ಹಳೆಯದನ್ನು ಖಾಲಿ ಮಾಡಲು ಅತಿ ಅಗ್ಗದ ಲೀಸ್ ಕೊಡುತ್ತಾರೆ. ಆ ಕೊನೆಯ ವರ್ಷದ ಕಾರುಗಳು ವಾಪಸ್ ಬಂದಾಗ ಎರಡೇಟು: ಸಂಖ್ಯೆಯೂ ಹೆಚ್ಚು, ನೋಟವೂ ಹಳತು. ಓಡಿಸಲು ಮಾತ್ರ ಅವೇ ಲೇಸು, ಮೊದಲ ವರ್ಷದ ತೊಂದರೆಗಳನ್ನೆಲ್ಲ ಅಷ್ಟರೊಳಗೆ ಸರಿಪಡಿಸಿರುತ್ತಾರೆ.

ಕಡಿಮೆ ತಯಾರಾದದ್ದೆಲ್ಲ ಬೆಲೆ ಉಳಿಸಿಕೊಳ್ಳುವುದಿಲ್ಲ

2024ರಲ್ಲಿ ಅಮೆರಿಕದಲ್ಲಿ ಬಿಎಂಡಬ್ಲ್ಯು 3.71 ಲಕ್ಷ ಕಾರು ಮಾರಿತು, ಪೋರ್ಷೆ ಸುಮಾರು 76 ಸಾವಿರ. ಫೆರಾರಿ ಇಡೀ ಜಗತ್ತಿಗೆ ಕೊಟ್ಟದ್ದು 13,752. ಮರುಮಾರಾಟದಲ್ಲಿ ಬೆಲೆ ಉಳಿಯುವುದು ಹೆಚ್ಚುಕಮ್ಮಿ ಇದರ ತಿರುಗುಮುರುಗು ಕ್ರಮದಲ್ಲಿ: ಸಂಖ್ಯೆ ಕಡಿಮೆಯಾದಷ್ಟೂ ಬೆಲೆ ಗಟ್ಟಿ. ಇಷ್ಟಕ್ಕೇ ನಿಂತರೆ ಮೋಸ ಹೋಗುತ್ತೀರಿ. ಮಸೆರಾಟಿ ಘಿಬ್ಲಿ ರಸ್ತೆಯಲ್ಲಿ ಅಪರೂಪ, ಆದರೂ ಅದರ ಬೆಲೆ ಕಲ್ಲು ಬಿದ್ದಂತೆ ಬಿತ್ತು. ತಯಾರಾದದ್ದು ಕಡಿಮೆ, ಬೇಕೆನ್ನುವವರು ಅದಕ್ಕಿಂತ ಕಡಿಮೆ, ರಿಪೇರಿ ದುಬಾರಿ, ಅಗ್ಗದ ಲೀಸಿನಿಂದಲೇ ಮಾರಾಟ. ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಬೇಡಿಕೆಗೆ ಹೋಲಿಸಿದ ಸಂಖ್ಯೆಯನ್ನು. ಅದನ್ನು ಅಳೆಯಲು ಸುಲಭ ದಾರಿ: ಹೊಸ ಕಾರು ಡೀಲರ್ ಅಂಗಳದಲ್ಲಿ ಎಷ್ಟು ದಿನ ನಿಲ್ಲುತ್ತದೆ? 150 ಮೈಲಿ ವ್ಯಾಪ್ತಿಯಲ್ಲಿ ಆ ಮಾದರಿಯ ಹೊಸ ಕಾರುಗಳನ್ನು ಹುಡುಕಿ, ಎಷ್ಟಿವೆ ಎಂದು ಬರೆದಿಟ್ಟು, ಎರಡು ವಾರ ಬಿಟ್ಟು ಅವೇ ವಿನ್ ನಂಬರುಗಳು (ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಇನ್ನೂ ಇವೆಯೇ ನೋಡಿ. ಮುಕ್ಕಾಲು ಪಾಲು ಹಾಗೇ ನಿಂತಿದ್ದರೆ ರಿಯಾಯಿತಿ ಬರುತ್ತಿದೆ ಎಂದೇ ಅರ್ಥ.

ತಯಾರಕ ಮನಸ್ಸು ಬದಲಿಸಬಹುದು ಎನ್ನುವುದು ಇನ್ನೊಂದು ಅಪಾಯ. 2016ರಲ್ಲಿ ಪೋರ್ಷೆ 911 ಆರ್ ಬಂತು. ಒಟ್ಟು 991 ಕಾರು, ಮ್ಯಾನುಯಲ್ ಗೇರ್, ಅಮೆರಿಕದಲ್ಲಿ 1,84,900 ಡಾಲರ್. ಕೈಬದಲಿನಲ್ಲಿ ಅದರ ಬೆಲೆ ಎರಡು-ಮೂರು ಪಟ್ಟಾಯಿತು. 2017ರಲ್ಲಿ ಅದೇ ಕಂಪನಿ ಜಿಟಿ3 ಟೂರಿಂಗ್ ತಂದಿತು. ಅದೂ ಮ್ಯಾನುಯಲ್, ಅದಕ್ಕೂ ದೊಡ್ಡ ಹಿಂಬದಿ ರೆಕ್ಕೆ ಇಲ್ಲ, ಸಂಖ್ಯೆಗೆ ಮಿತಿಯೂ ಇಲ್ಲ. 991 ಎಂಬ ಅಂಕಿ ಬದಲಾಗಲಿಲ್ಲ, 911 ಆರ್ ಬೆಲೆ ಮಾತ್ರ ಇಳಿಯಿತು. ಸೀಮಿತ ಆವೃತ್ತಿಗೆ ಹೆಚ್ಚು ಹಣ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿರುವ ಯಂತ್ರಭಾಗ ಬೇರೆ ಯಾವ ಮಾದರಿಯಲ್ಲೂ ಇಲ್ಲವೇ, ಮುಂದೆ ಬರಲು ಅಡ್ಡಿಯಿದೆಯೇ? ಬರೀ ಬಣ್ಣ, ಹೊಲಿಗೆ, ನಂಬರ್ ಫಲಕಕ್ಕೆ ಮರುಮಾರಾಟದಲ್ಲಿ ಕಾಸಿನ ಬೆಲೆ ಇಲ್ಲ. ಇದಕ್ಕೆ ತಿರುಗುಮುರುಗಾದ ಉದಾಹರಣೆ ಬಿಎಂಡಬ್ಲ್ಯು 1ಎಂ ಕೂಪೆ. ಸುಮಾರು 2,700 ಮಾಡುತ್ತೇವೆಂದು ಹೊರಟು 6,309 ಮಾಡಿದರು; ಆದರೂ ಬೆಲೆ ಗಟ್ಟಿ ನಿಂತಿತು, ಅಂಥದ್ದು ಮತ್ತೆ ಬರಲಿಲ್ಲ.

ಲೀಸನ್ನೇ ಬೆಲೆ ಕಾಯುವ ಬೇಲಿಯಾಗಿ ಬಳಸಿದ್ದೂ ಉಂಟು. 500 ಮಾತ್ರ ತಯಾರಾದ ಲೆಕ್ಸಸ್ ಎಲ್‌ಎಫ್‌ಎಯನ್ನು ಅಮೆರಿಕದಲ್ಲಿ ಮೊದಲು ಎರಡು ವರ್ಷದ ಲೀಸ್ ಮೇಲೆ ಮಾತ್ರ ಕೊಡುವುದಾಗಿ ಹೇಳಿದ್ದರು, ಕೊಂಡ ತಕ್ಷಣ ಮಾರಿ ಲಾಭ ಮಾಡುವವರನ್ನು ತಡೆಯಲು. ಹಾಗಿದ್ದೂ ಕೆಲವು ಎಲ್‌ಎಫ್‌ಎಗಳು ವರ್ಷಗಟ್ಟಲೆ ಡೀಲರ್‌ಗಳ ಬಳಿಯೇ ಉಳಿದವು. ಈಗ ಅವುಗಳ ಬೆಲೆ ಮೂಲ ಬೆಲೆಯಾದ 3,75,000 ಡಾಲರನ್ನು ಎಷ್ಟೋ ದಾಟಿದೆ. ಅಪರೂಪದ ಕಾರಿಗೂ ಬೆಲೆ ಬರಲು ಕಾಲ ಬೇಕು. ಜಗತ್ತಿಗೆಲ್ಲ 1,963 ಮಾತ್ರ ತಯಾರಾದ ಪೋರ್ಷೆ 911 ಎಸ್/ಟಿಗೂ ಅಮೆರಿಕದಲ್ಲಿ ಮೊದಲ ಒಂದು ವರ್ಷ ಲೀಸ್, ಆಮೇಲೆ ಮಾಲೀಕತ್ವ ಎಂಬ ಶರತ್ತು ಹಾಕಿದರು. ಇಲ್ಲಿ ಲೀಸ್ ಅಂದರೆ ರಿಯಾಯಿತಿಯಲ್ಲ, ಬೀಗ.

ವಿದ್ಯುತ್ ಕಾರು: ಎರಡೂ ಏಟು ಒಂದಕ್ಕೇ

2023ರ ಜನವರಿಯಿಂದ ಲೀಸ್ ಆದ ವಿದ್ಯುತ್ ಕಾರಿಗೆ 7,500 ಡಾಲರ್ ಕೇಂದ್ರ ತೆರಿಗೆ ವಿನಾಯಿತಿ ಲೀಸ್ ಕಂಪನಿಗೆ ಸಿಗುತ್ತಿತ್ತು. ಕೊಳ್ಳುವವರಿಗೆ ಅನ್ವಯವಾಗುತ್ತಿದ್ದ ಬೆಲೆ ಮಿತಿ, ಉತ್ತರ ಅಮೆರಿಕದಲ್ಲೇ ಜೋಡಿಸಿರಬೇಕೆಂಬ ಶರತ್ತು ಲೀಸಿಗೆ ಇರಲಿಲ್ಲ. ಹೀಗಾಗಿ ಬಿಎಂಡಬ್ಲ್ಯು ಐ4, ಮರ್ಸಿಡಿಸ್ ಇಕ್ಯೂಎಸ್‌ನಂಥ ಕಾರುಗಳು ರಾಶಿರಾಶಿ ಲೀಸ್ ಆದವು. ಈ ಸೌಲಭ್ಯ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು, ನಿಲ್ಲುವ ಮುನ್ನ ಜನ ಮುಗಿಬಿದ್ದರು. ಆ ಕಾರುಗಳು ವಾಪಸ್ ಬರುವುದು 24 ತಿಂಗಳ ಲೀಸಾದರೆ 2027ರ ಬೇಸಿಗೆ ಕೊನೆಗೆ, 36 ತಿಂಗಳದ್ದಾದರೆ 2028ರ ಅದೇ ಹೊತ್ತಿಗೆ. ಹಳೆ ವಿದ್ಯುತ್ ಕಾರು ಕೊಳ್ಳುವ ಆಸೆಯಿರುವವರು ಆ ಎರಡು ಋತುಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಲಿ. ಮಾರಬೇಕಾದವರು ಅದಕ್ಕೂ ಮೊದಲೇ ಮಾರಿಬಿಡಲಿ.

ಹೊಸದರ ಬೆಲೆ ಇಳಿದರೆ ಹಳೆಯದು ಅದೇ ದಿನ ಇಳಿಯುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಮಾಡೆಲ್ ವೈ ಲಾಂಗ್ ರೇಂಜನ್ನು 65,990ರಿಂದ 52,990ಕ್ಕೆ ಇಳಿಸಿದಾಗ, ಹಿಂದಿನ ವಾರ 58 ಸಾವಿರ ಕೊಟ್ಟು ಹಳೆಯದನ್ನು ಕೊಂಡವರ ಗತಿ ಊಹಿಸಿಕೊಳ್ಳಿ. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,00,000 ಮೈಲಿ, ಇಕ್ಯೂಎಸ್‌ಗೆ 10 ವರ್ಷ, 1,55,000 ಮೈಲಿ. ಮೂರು ವರ್ಷದ ಕಾರಿನಲ್ಲಿ ಬ್ಯಾಟರಿಯ ಭಯ ಅಷ್ಟಿಲ್ಲ, ಭಯಪಡಬೇಕಾದ್ದು ಮುಂದಿನ ಇಳಿಕೆಗೆ.

ಲೀಸ್ ವಾಪಸ್ ಬಂದ ಕಾರು ನೋಡುವಾಗ

ಮೊದಲು ಕಾರಿನ ಇತಿಹಾಸ ವರದಿ ತೆಗೆಸಿ. ಅದರಲ್ಲಿ ಖಾಸಗಿ ಲೀಸ್, ಬಾಡಿಗೆ, ಕಂಪನಿ ಕಾರು ಎಂದು ಬೇರೆಬೇರೆ ನಮೂದಿರುತ್ತದೆ. ಹಿಂದಿನ ಮಾಲೀಕರ ಹೆಸರು ಕಾಗದದಲ್ಲಿ ಕಂಡರೆ ಫೈನಾನ್ಷಿಯಲ್ ಸರ್ವಿಸಸ್ ವೆಹಿಕಲ್ ಟ್ರಸ್ಟ್ ಎಂದರೆ ಬಿಎಂಡಬ್ಲ್ಯು ಲೀಸ್, ಡೈಮ್ಲರ್ ಟ್ರಸ್ಟ್ ಎಂದರೆ ಮರ್ಸಿಡಿಸ್, ಟೊಯೊಟ ಲೀಸ್ ಟ್ರಸ್ಟ್ ಎಂದರೆ ಟೊಯೊಟ ಇಲ್ಲವೇ ಲೆಕ್ಸಸ್. ವಿನ್ ನಂಬರಿನ ಹತ್ತನೇ ಅಕ್ಷರ ಮಾದರಿ ವರ್ಷ ಹೇಳುತ್ತದೆ: ಎನ್ 2022, ಪಿ 2023, ಆರ್ 2024, ಎಸ್ 2025. ವಾರಂಟಿ ಮಾತ್ರ ಮಾದರಿ ವರ್ಷದಿಂದಲ್ಲ, ಕಾರು ಮೊದಲು ರಸ್ತೆಗಿಳಿದ ದಿನದಿಂದ ಎಣಿಕೆ. ಆ ದಿನಾಂಕವನ್ನು ಡೀಲರ್‌ನಿಂದ ಬರವಣಿಗೆಯಲ್ಲಿ ಕೇಳಿ. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ, ಪೋರ್ಷೆಗಳಿಗೆ 4 ವರ್ಷ ಅಥವಾ 50,000 ಮೈಲಿ, ಅಂದರೆ ಲೀಸ್ ವಾಪಸ್ ಕಾರಿಗೆ ಒಂದು ವರ್ಷ ಉಳಿದಿರುತ್ತದೆ. 50,000 ಮೈಲಿಯ ಗೆರೆ ದಾಟಿದ ಕಾರಿನ ಬೆಲೆ ಸಟ್ಟನೆ ಇಳಿಯುವುದು ಇದೇ ಕಾರಣಕ್ಕೆ.

ಮೂರು ವರ್ಷಕ್ಕೆ ವಾಪಸ್ ಕೊಡುವ ಕಾರಿಗೆ ಯಾರೂ ಕೈಯಿಂದ ಹೆಚ್ಚು ಖರ್ಚು ಮಾಡುವುದಿಲ್ಲ. ಎಂಜಿನ್ ಆಯಿಲ್ ಬದಲಾಯಿಸಿರುತ್ತಾರೆ, ಅದೂ 10,000 ಮೈಲಿಗೊಮ್ಮೆ. ಬ್ರೇಕ್ ಆಯಿಲ್ ಬದಲಾಯಿಸಿದ ದಾಖಲೆ ಇದೆಯೇ ನೋಡಿ. ಬಿಎಂಡಬ್ಲ್ಯು ಎಂ ಕಾರಾದರೆ 1,200 ಮೈಲಿಯ ಮೊದಲ ಸರ್ವಿಸ್ ಆಗಿರಲೇಬೇಕು. ದಾಖಲೆ ಇಲ್ಲದಿದ್ದರೆ ಆ ಕಾರನ್ನು ಬಿಟ್ಟುಬಿಡಿ, ಅಂಥವು ಇನ್ನೂ ಹತ್ತು ಸಿಗುತ್ತವೆ. ಟೈರಿನ ಮೇಲಿನ ನಾಲ್ಕಂಕಿ ತಯಾರಿಕೆಯ ವಾರ ಮತ್ತು ವರ್ಷ: 2324 ಎಂದರೆ 2024ರ 23ನೇ ವಾರ. ನಾಲ್ಕೂ ಟೈರು ಒಂದೇ ಕಂಪನಿಯದೇ, ಬಿಎಂಡಬ್ಲ್ಯು ಆದರೆ ಟೈರಿನ ಮೇಲೆ ಆ ಕಂಪನಿ ಒಪ್ಪಿದ್ದೆಂಬ ನಕ್ಷತ್ರದ ಗುರುತು ಇದೆಯೇ ನೋಡಿ. ವಾಪಸಾತಿ ತಪಾಸಣೆಯಲ್ಲಿ ಪಾಸಾಗಲು ಕೊನೆಯ ವಾರ ಸಿಕ್ಕ ಅಗ್ಗದ ಟೈರು ಹಾಕಿಸುವುದು ಮಾಮೂಲಿ.

ನಿಮ್ಮದೇ ಲೀಸ್ ಮುಗಿಯುವಾಗ

ತೊಂಬತ್ತು ದಿನ ಮೊದಲೇ ಶುರುಮಾಡಿ. ಫೈನಾನ್ಸ್ ಕಂಪನಿಯಿಂದ ಬೈಔಟ್ ಮೊತ್ತ, ಅಂದರೆ ಕಾರನ್ನು ಕೊಂಡುಕೊಳ್ಳಲು ಎಷ್ಟು ಕಟ್ಟಬೇಕೆಂಬ ಲೆಕ್ಕ, ತರಿಸಿ. ಡೀಲರ್ ಮತ್ತು ಫೈನಾನ್ಸ್ ಕಂಪನಿ ಹೇಳುವ ಮೊತ್ತ ಬೇರೆಬೇರೆ ಇರಬಹುದು. ಡೀಲರ್ ತನ್ನ ಶುಲ್ಕ ಸೇರಿಸಿರುತ್ತಾನೆ. ಆಮೇಲೆ ನಿಮ್ಮ ಕಾರನ್ನು ಎಷ್ಟಕ್ಕೆ ಕೊಳ್ಳುತ್ತಾರೆಂದು ಎರಡು ಮೂರು ಕಡೆ ಕೇಳಿ, ಅಂಥದೇ ಕಾರು ಚಿಲ್ಲರೆಯಲ್ಲಿ ಎಷ್ಟಕ್ಕಿದೆ ಎಂದೂ ನೋಡಿ. ಈ ಎರಡು ಬೆಲೆಗಳನ್ನು ಕಲಸಿಬಿಡುವುದೇ ಎಲ್ಲರೂ ಮಾಡುವ ತಪ್ಪು.

ಟೆಕ್ಸಸ್‌ನ ಶೇ. 6.25 ತೆರಿಗೆ ಹಿಡಿದು ನೋಡೋಣ. ರೆಸಿಡ್ಯುಯಲ್ 42,000, ತೆರಿಗೆ 2,625, ಖರೀದಿ ಶುಲ್ಕ 350: ಒಟ್ಟು 44,975. ಅಂಥದೇ ಕಾರು ಅಂಗಡಿಯಲ್ಲಿ 44,500 ಇದ್ದರೆ ತೆರಿಗೆ ಸೇರಿ 47,281. ನೀವೇ ಇಟ್ಟುಕೊಳ್ಳುವುದಾದರೆ 2,300 ಡಾಲರ್ ಉಳಿತಾಯ, ಕಾರಿನ ಇತಿಹಾಸವೂ ಗೊತ್ತು. ಮಾರಿ ಲಾಭ ಮಾಡುವುದಾದರೆ ಡೀಲರ್ ಕೊಡುವುದು 43,000; ಸುಮಾರು 2,000 ನಷ್ಟ. ಒಂದೇ ಕಾರು, ಎರಡು ಉತ್ತರ. 2021ರಿಂದ ಈಚೆಗೆ ಹಲವು ಫೈನಾನ್ಸ್ ಕಂಪನಿಗಳು ಬೇರೆ ಡೀಲರ್‌ಗೆ ನೇರವಾಗಿ ಬೈಔಟ್ ಕೊಡುವುದನ್ನು ನಿಲ್ಲಿಸಿವೆ, ಅಥವಾ ಅವರಿಗೆ ಹೆಚ್ಚಿನ ಮೊತ್ತ ಹೇಳುತ್ತವೆ; ಕರಾರಿನಲ್ಲಿ ಆ ಕಲಮನ್ನು ಹುಡುಕಿ. ಅವಕಾಶವಿಲ್ಲದಿದ್ದರೆ ಮೊದಲು ನಿಮ್ಮ ಹೆಸರಿಗೆ ಕೊಂಡು, ತೆರಿಗೆ ಕಟ್ಟಿ, ಟೈಟಲ್ (ಮಾಲೀಕತ್ವದ ಪತ್ರ) ಬಂದ ಮೇಲೆ ಮಾರಬೇಕು. ಟೈಟಲ್ ಬರಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಬೆಲೆ ಇಳಿದಿರಬಹುದು.

ಮಾರುಕಟ್ಟೆ ಬೆಲೆ ರೆಸಿಡ್ಯುಯಲ್‌ಗಿಂತ ಎರಡು-ಮೂರು ಸಾವಿರವಷ್ಟೇ ಕೆಳಗಿದ್ದು ನಿಮಗೆ ಕಾರು ಬೇಕೇ ಬೇಕಾದರೆ ಫೈನಾನ್ಸ್ ಕಂಪನಿಗೆ ಫೋನ್ ಮಾಡಿ ಇಳಿಸುತ್ತೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಹುಪಾಲು ಒಪ್ಪುವುದಿಲ್ಲ. ಒಪ್ಪದಿದ್ದರೆ ಕಾರನ್ನು ವಾಪಸ್ ಕೊಟ್ಟು, ಅಂಥದೇ ಇನ್ನೊಂದನ್ನು ಕಂಪನಿ ಪ್ರಮಾಣಿತ ಹಳೆ ಕಾರುಗಳ ಸಾಲಿನಲ್ಲಿ ಹುಡುಕಿ. ವಾಪಸ್ ಕೊಡುವ ಮುನ್ನ ಉಚಿತ ಪೂರ್ವ ತಪಾಸಣೆ ಮಾಡಿಸಿ, ಟೈರಿನ ಅಚ್ಚು 4/32 ಇಂಚಿಗಿಂತ ಕಡಿಮೆಯಾಗಿದ್ದರೆ ಹೊರಗೆ ಹಾಕಿಸಿ, ಚಕ್ರದ ಗೀರುಗಳನ್ನು ಹೊರಗಿನ ರಿಪೇರಿಯವರಲ್ಲಿ ಸರಿಮಾಡಿಸಿ. ಎರಡನೇ ಕೀಲಿಯನ್ನು ಮರೆಯಬೇಡಿ; ಕೊಡದಿದ್ದರೆ ಅದರ ಹಣವನ್ನೂ ಬಿಲ್ಲಿಗೆ ಹಾಕುತ್ತಾರೆ. ಮೈಲಿ ಮೀಟರಿನ ಫೋಟೊ, ನಾಲ್ಕೂ ಬದಿಯ ಫೋಟೊ ತೆಗೆದು, ಕಾರು ಒಪ್ಪಿಸಿದ್ದಕ್ಕೆ ಸಹಿ ಮಾಡಿದ ರಸೀದಿ ಕೈಗೆ ಬಂದ ಮೇಲೆಯೇ ಅಲ್ಲಿಂದ ಹೊರಡಿ.